ಉದ್ದದ ಫ್ಯಾಂಟಸಿ ಸರಣಿ ಬರೆಯಲು ಹೊರಟಿದ್ದೀರಾ? ವರ್ಷಗಳು ಎಲ್ಲಿ ಹೋಗುತ್ತವೆ ಎಂದು ಮೊದಲೇ ತಿಳಿದುಕೊಳ್ಳಿ

ಫ್ಯಾಂಟಸಿ ಸರಣಿಯ ಮುಂದಿನ ಭಾಗ ತಡವಾದರೆ ಓದುಗರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ಲೇಖಕರಿಗೆ ಸೋಮಾರಿತನ, ದುಡ್ಡು ಬಂದಾಯಿತು, ಇನ್ನು ಯಾಕೆ ಬರೆಯುತ್ತಾರೆ. ಕೆಲವರ ವಿಷಯದಲ್ಲಿ ಅದೂ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಐದಾರು ಭಾಗಗಳ ಕಥೆಯನ್ನು ನೀವೇ ಬರೆಯಲು ಕೂತಿದ್ದರೆ ಈ ವಿವರಣೆಯಿಂದ ನಿಮಗೆ ಏನೂ ಉಪಯೋಗವಿಲ್ಲ. ಯಾಕೆಂದರೆ ದಿನಾ ತಪ್ಪದೆ ಬರೆಯುವವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ವರ್ಷಗಳನ್ನು ತಿನ್ನುವುದು ಹೊಸ ಪುಟಗಳಲ್ಲ. ಬರೆದದ್ದನ್ನು ಕಿತ್ತುಹಾಕಿ ಮತ್ತೆ ಬರೆಯುವ ಕೆಲಸ, ಅದೂ ಹಿಂದಿನ ಭಾಗಗಳು ಆಗಲೇ ಅಚ್ಚಾಗಿ ಜನರ ಕೈಯಲ್ಲಿರುವಾಗ. ಗಂಟು ಎಲ್ಲಿ ಬೀಳುತ್ತದೆ, ಬೀಳುವ ಮೊದಲು ಏನು ಮಾಡಬಹುದು, ಅಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪದಗಳ ಲೆಕ್ಕ, ಆಮೇಲೆ ಅದನ್ನು ಮರೆತುಬಿಡಿ

ದಿನಕ್ಕೆ 500 ಪದ, ವಾರಕ್ಕೆ ಐದು ದಿನ. ಬೇರೆ ಕೆಲಸ ಇಟ್ಟುಕೊಂಡು ಬರೆಯುವವರಿಗೆ ಇದು ಒಳ್ಳೆಯ ವೇಗವೇ. ಒಂದು ದಿನವೂ ತಪ್ಪಿಸದಿದ್ದರೆ ವರ್ಷಕ್ಕೆ 1,30,000 ಪದ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸರಣಿಯ ('ಗೇಮ್ ಆಫ್ ಥ್ರೋನ್ಸ್' ಟಿವಿ ಧಾರಾವಾಹಿಗೆ ಮೂಲ ಇದೇ) ಮೂರನೇ ಪುಸ್ತಕ ಇಂಗ್ಲಿಷಿನಲ್ಲಿ ನಾಲ್ಕು ಲಕ್ಷ ಪದಗಳಿಗೂ ಜಾಸ್ತಿ ಇದೆ. ಅಷ್ಟು ಉದ್ದದ್ದು ಬರೆಯಬೇಕೆಂದರೆ ಈ ವೇಗದಲ್ಲಿ ಮೊದಲ ಕರಡಿಗೇ ಮೂರು ವರ್ಷ ಬೇಕು. ಎರಡನೇ ಕರಡು, ಮೂರನೇ ಕರಡು ಬೇರೆ. ಆದ್ದರಿಂದ ಒಂದು ಭಾಗ ಎಷ್ಟು ದಪ್ಪ ಇರಬೇಕು ಎಂದು ಮೊದಲ ದಿನವೇ ತೀರ್ಮಾನಿಸಿ. ಒಂದು ಲಕ್ಷ ಪದದ ಐದು ಭಾಗ ಮುಗಿಸುವುದು ಸಾಧ್ಯವಾದ ಕೆಲಸ. ನಾಲ್ಕು ಲಕ್ಷದ ಏಳು ಭಾಗ ಎಂದರೆ ಅರ್ಧ ಆಯಸ್ಸು.

ಆದರೆ ತಡಕ್ಕೆ ನಿಜವಾದ ಕಾರಣ ಈ ಲೆಕ್ಕದಲ್ಲಿ ಸಿಗುವುದಿಲ್ಲ. ಅದೇ ಮಾರ್ಟಿನ್ ಅವರನ್ನೇ ನೋಡಿ. ಮೊದಲ ಪುಸ್ತಕ 1996ರಲ್ಲಿ, ಎರಡನೆಯದು 1998ರಲ್ಲಿ, ಆ ದೊಡ್ಡ ಮೂರನೆಯದು 2000ದಲ್ಲಿ ಬಂತು. ಎರಡೆರಡು ವರ್ಷಕ್ಕೆ ಒಂದು. ಆಮೇಲೆ ನಾಲ್ಕನೆಯದಕ್ಕೆ 2005, ಐದನೆಯದಕ್ಕೆ 2011. ಆರನೆಯದಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ. ಅದೇ ಮನುಷ್ಯ, ಅದೇ ಕೈ. ಪುಸ್ತಕಗಳ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದರೆ ಬದಲಾದದ್ದೇನು? ಬೆನ್ನ ಹಿಂದೆ ಅಚ್ಚಾಗಿ ಕೂತಿದ್ದ ಪುಟಗಳ ರಾಶಿ.

ಅಚ್ಚಾದದ್ದನ್ನು ಬದಲಿಸಲು ಆಗುವುದಿಲ್ಲ

ಒಂದೇ ಕಾದಂಬರಿ ಬರೆಯುವವರಿಗೆ ಒಂದು ದೊಡ್ಡ ಸೌಕರ್ಯ ಇದೆ. ಮೂವತ್ತನೇ ಅಧ್ಯಾಯದಲ್ಲಿ ಕತ್ತಿ ಬೇಕಾಯಿತು ಎಂದರೆ ಮೂರನೇ ಅಧ್ಯಾಯಕ್ಕೆ ವಾಪಸ್ ಹೋಗಿ ಗೋಡೆಗೆ ಒಂದು ಕತ್ತಿ ನೇತುಹಾಕಬಹುದು. ಓದುಗರಿಗೆ ಗೊತ್ತೂ ಆಗುವುದಿಲ್ಲ, ಲೇಖಕರು ಎಷ್ಟು ಮುಂದಾಲೋಚನೆ ಮಾಡಿದ್ದಾರೆ ನೋಡಿ ಎಂದು ಮೆಚ್ಚಿಕೊಳ್ಳುತ್ತಾರೆ. ಸರಣಿಯಲ್ಲಿ ಈ ಬಾಗಿಲು ಮುಚ್ಚಿಹೋಗುತ್ತದೆ. ಮೊದಲ ಭಾಗದಲ್ಲಿ ರಾಜಕುಮಾರಿಗೆ ಒಂಬತ್ತು ವರ್ಷ ಎಂದು ಬರೆದಿದ್ದರೆ ಅವಳಿಗೆ ಒಂಬತ್ತೇ. ಮಂತ್ರದಿಂದ ಗಾಯ ವಾಸಿಯಾಗುತ್ತದೆ ಎಂದು ಒಂದು ಕಡೆ ತೋರಿಸಿದರೆ, ನಾಲ್ಕನೇ ಭಾಗದಲ್ಲಿ ಗಾಯಗೊಂಡು ಸಾಯುತ್ತಿರುವ ಮುದುಕನಿಗೆ ಆ ಮಂತ್ರವನ್ನು ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ನೀವು ಉತ್ತರ ಕೊಡಲೇಬೇಕು.

ಟೋಲ್ಕಿನ್‌ಗೆ ಮಾತ್ರ ಇದರಿಂದ ತಪ್ಪಿಸಿಕೊಳ್ಳುವ ಒಂದು ಅವಕಾಶ ಸಿಕ್ಕಿತು. 1937ರಲ್ಲಿ ಬಂದ 'ದಿ ಹಾಬಿಟ್'ನಲ್ಲಿ ಗೊಲ್ಲಮ್ ಎಂಬ ಜೀವಿ, ಕಥಾನಾಯಕ ಬಿಲ್ಬೋ ಜೊತೆ ಆಡಿದ ಒಗಟಿನ ಆಟದಲ್ಲಿ ಸೋತರೆ ತನ್ನ ಮಾಯಾ ಉಂಗುರವನ್ನೇ ಉಡುಗೊರೆಯಾಗಿ ಕೊಡಲು ತಯಾರಿದ್ದ. ಮುಂದಿನ ಕಥೆಯಾದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಆ ಉಂಗುರ ಯಾರನ್ನೂ ಬಿಡದ ಭಯಂಕರ ವಸ್ತುವಾಯಿತು, ಹಳೆಯ ಅಧ್ಯಾಯ ಹೊಂದಲಿಲ್ಲ. 1951ರ ಎರಡನೇ ಆವೃತ್ತಿಯಲ್ಲಿ ಅದನ್ನು ತಿದ್ದಿ ಬರೆದರು. ಸಾಲದು ಎಂದು, ಮೊದಲು ಅಚ್ಚಾಗಿದ್ದದ್ದು ಬಿಲ್ಬೋ ಹೇಳಿದ ಸುಳ್ಳು ಎಂದು ಕಥೆಯೊಳಗೇ ಸೇರಿಸಿಕೊಂಡರು. ಎಂಥ ಜಾಣತನ, ಅಲ್ವಾ? ಸ್ಟೀಫನ್ ಕಿಂಗ್ ಕೂಡ 'ಡಾರ್ಕ್ ಟವರ್' ಸರಣಿಯ ಮೊದಲ ಪುಸ್ತಕವನ್ನು 2003ರಲ್ಲಿ ತಿದ್ದಿ ಮತ್ತೆ ಹೊರತಂದರು, ಅದು ಮೊದಲು ಬಂದದ್ದು 1982ರಲ್ಲಿ. ಆದರೆ ಇವರಿಬ್ಬರೂ ಹೆಸರು ಮಾಡಿದವರು. ನಿಮ್ಮ ಹಳೆಯ ಭಾಗವನ್ನು ತಿದ್ದಿ ಮತ್ತೆ ಅಚ್ಚು ಹಾಕಲು ಪ್ರಕಾಶಕರು ಒಪ್ಪುತ್ತಾರೆ ಎಂದು ನಂಬಿ ಕೂರಬೇಡಿ.

ಹಾಗಾದರೆ ಏನು ಮಾಡಬೇಕು? ಮೊದಲ ಭಾಗವನ್ನು ತಡೆದು ಇಟ್ಟುಕೊಳ್ಳಿ. ಎರಡನೇ ಭಾಗದ ಪೂರ್ತಿ ಕರಡು ಕೈಯಲ್ಲಿ ಇಲ್ಲದೆ ಮೊದಲನೆಯದನ್ನು ಹೊರಗೆ ಬಿಡಬೇಡಿ, ಸಾಧ್ಯವಾದರೆ ಮೂರನೆಯದೂ ಅರ್ಧ ಆಗಿರಲಿ. ಇದನ್ನು ಕೇಳಿದವರೆಲ್ಲ ಮುಖ ಸಿಂಡರಿಸುತ್ತಾರೆ, ಗೊತ್ತು. ಬರೆದದ್ದು ತಕ್ಷಣ ಜನರಿಗೆ ಮುಟ್ಟಬೇಕು ಎನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಎರಡನೇ ಭಾಗ ಬರೆಯುವಾಗ ಮೊದಲನೆಯದರಲ್ಲಿ ಎಷ್ಟು ತಿದ್ದಬೇಕಾಗುತ್ತದೆ ಎಂದು ಒಮ್ಮೆ ಬರೆದು ನೋಡಿ, ಆಮೇಲೆ ಈ ಸಲಹೆ ಸಿಟ್ಟು ತರಿಸುವುದಿಲ್ಲ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮೂರು ಸಂಪುಟಗಳಾಗಿ ಬಂದರೂ, ಮೊದಲ ಸಂಪುಟ ಅಚ್ಚಿಗೆ ಹೋಗುವ ಮೊದಲೇ ಕಥೆ ಕೊನೆಯವರೆಗೆ ಬರೆದಾಗಿತ್ತು. ವಾರ ವಾರ ಅಧ್ಯಾಯ ಹಾಕುವ ಧಾರಾವಾಹಿ ಬರೆಯುವವರೂ ಅಷ್ಟೇ, ಹತ್ತಿಪ್ಪತ್ತು ಅಧ್ಯಾಯಗಳನ್ನು ಮುಂದಾಗಿ ಬರೆದಿಟ್ಟುಕೊಳ್ಳಿ.

ಸಾಲದ ಪುಸ್ತಕ ಇಡಿ

ಓದುಗರಲ್ಲಿ ನೀವು ಹುಟ್ಟಿಸುವ ಪ್ರತಿಯೊಂದು ಪ್ರಶ್ನೆಯೂ ಒಂದು ಸಾಲ. ಆ ಹುಡುಗನ ತಾಯಿ ಯಾರು, ಬೆಟ್ಟದ ಆಚೆ ಏನಿದೆ, ಮುರಿದ ಕಿರೀಟದ ಇನ್ನೊಂದು ತುಂಡು ಎಲ್ಲಿ, ಎಲ್ಲವನ್ನೂ ಒಂದು ದಿನ ತೀರಿಸಬೇಕು. ಮೊದಲ ಭಾಗದಲ್ಲಿ ಸಾಲ ಮಾಡುವುದು ತುಂಬಾ ಖುಷಿ ಕೊಡುತ್ತದೆ, ಕೊಟ್ಟವರು ಇನ್ನೂ ಕೇಳಲು ಬಂದಿರುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಅಧ್ಯಾಯ ಮುಗಿದ ಹಾಗೆ ಹೊಸ ಪ್ರಶ್ನೆಗಳನ್ನು ಎಡಕ್ಕೆ ಬರೆಯಿರಿ. ಬಲಕ್ಕೆ, ಅದು ಯಾವ ಭಾಗದಲ್ಲಿ ತೀರುತ್ತದೆ ಎಂದು ಬರೆಯಿರಿ. ಬಲಗಡೆ ಖಾಲಿ ಬಿಟ್ಟದ್ದು ಜಾಸ್ತಿಯಾಗುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ, ಮುಂದೆ ಬರೆಯುವ ಮೊದಲು ಕೆಲವನ್ನು ಕಥೆಯಿಂದ ತೆಗೆದುಹಾಕಿ. ಅರ್ಧ ದಾರಿಯ ನಂತರ, ಅಂದರೆ ಐದು ಭಾಗದ ಸರಣಿಯಾದರೆ ಮೂರನೇ ಭಾಗ ಮುಗಿದ ಮೇಲೆ, ಹೊಸ ಸಾಲ ಬೇಡವೇ ಬೇಡ.

ಭವಿಷ್ಯವಾಣಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಪದ್ಯದ ರೂಪದಲ್ಲಿ ನಾಲ್ಕು ಸಾಲು, ಅರ್ಥವಾಗದ ಹಾಗೆ, ಗಾಂಭೀರ್ಯದಿಂದ ಬರೆಯುವುದು ಹತ್ತು ನಿಮಿಷದ ಕೆಲಸ. ಆ ನಾಲ್ಕು ಸಾಲಿನ ಪ್ರತಿಯೊಂದು ಪದವೂ ಕೊನೆಗೆ ಕೂಡಿಬರಬೇಕು, ಓದುಗರು ಊಹಿಸಿದ ಹಾಗೆ ಬರಬಾರದು, ಊಹಿಸದ ಹಾಗೆ ಬಂದರೂ ಮೋಸ ಅನ್ನಿಸಬಾರದು. ಅಂತ್ಯ ಬರೆದಾಗುವವರೆಗೆ ಭವಿಷ್ಯವಾಣಿ ಬರೆಯಬೇಡಿ, ನನ್ನ ಮಾತು ಕೇಳಿ.

ಯಾರ ಕಣ್ಣಿಂದ ಕಥೆ ಹೇಳುತ್ತೀರಿ

ಹೆಚ್ಚಿನ ದೊಡ್ಡ ಸರಣಿಗಳು ಕುಸಿಯುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮಾರ್ಟಿನ್ ಅವರ ಮೊದಲ ಪುಸ್ತಕದಲ್ಲಿ, ಪೀಠಿಕೆಯನ್ನು ಬಿಟ್ಟರೆ, ಎಂಟು ಪಾತ್ರಗಳ ಕಣ್ಣಿಂದ ಕಥೆ ನಡೆಯುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ಅದು ಹದಿನಾರು, ಪೀಠಿಕೆ ಮತ್ತು ಕೊನೆಯ ಅಧ್ಯಾಯದವರು ಬೇರೆ. ಎಂಟು ಹದಿನಾರಾದರೆ ಕೆಲಸ ಎರಡು ಪಟ್ಟು ಆಗುವುದಿಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಆಗುತ್ತದೆ. ಯಾಕೆಂದರೆ ಪಾತ್ರಗಳು ಒಬ್ಬರನ್ನೊಬ್ಬರು ಭೇಟಿಯಾಗಬೇಕು, ಅಥವಾ ಭೇಟಿಯಾಗದೆ ತಪ್ಪಬೇಕು. ಎಂಟು ಜನರಲ್ಲಿ ಇಬ್ಬಿಬ್ಬರ ಜೋಡಿ 28. ಹದಿನಾರು ಜನರಲ್ಲಿ 120. ಯಾರಿಗೆ ಯಾರ ಬಗ್ಗೆ ಏನು ಗೊತ್ತು, ಯಾವಾಗ ಗೊತ್ತಾಯಿತು, ಯಾರು ಸತ್ತ ಸುದ್ದಿ ಯಾರಿಗೆ ಇನ್ನೂ ಮುಟ್ಟಿಲ್ಲ, ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಮುಂದಿನ ಸಾಲು ಬರೆಯಬೇಕು.

ಅವರ ಕಥೆಯಲ್ಲಿ ಮೀರೀನ್ ಎಂಬ ಊರಿದೆ. ಬೇರೆ ಬೇರೆ ದಿಕ್ಕಿನಿಂದ ಹಲವು ಪಾತ್ರಗಳು ಅಲ್ಲಿಗೆ ಹೊರಟಿದ್ದವು. ಯಾರು ಮೊದಲು ತಲುಪಬೇಕು? ಒಬ್ಬರು ಬೇಗ ಬಂದರೆ ಇನ್ನೊಬ್ಬರ ಕಥೆ ಕೆಡುತ್ತದೆ, ತಡವಾಗಿ ಬಂದರೆ ಮತ್ತೊಬ್ಬರದ್ದು ಕೆಡುತ್ತದೆ. ಇದಕ್ಕೆ ಅವರೇ ಮೀರೀನಿನ ಗಂಟು ಎಂದು ಹೆಸರಿಟ್ಟರು, ಅದೇ ಅಧ್ಯಾಯಗಳನ್ನು ಬೇರೆ ಬೇರೆ ಕ್ರಮದಲ್ಲಿ ಮತ್ತೆ ಮತ್ತೆ ಬರೆದರು. ಕೊನೆಗೆ ಬಿಡಿಸಿದ್ದು ಇನ್ನೊಂದು ಪಾತ್ರದ ಕಣ್ಣು ಸೇರಿಸಿ. ಗಂಟು ಬಿಚ್ಚಿತು, ಆದರೆ ಮುಂದಿನ ಪುಸ್ತಕಕ್ಕೆ ಒಬ್ಬರು ಹೆಚ್ಚಾದರು.

ಅದಕ್ಕೂ ಮೊದಲು ಇನ್ನೊಂದು ಆಗಿತ್ತು. ಮೂರನೇ ಪುಸ್ತಕದ ನಂತರ ಕಥೆ ಐದು ವರ್ಷ ಮುಂದೆ ಹಾರಬೇಕು, ಮಕ್ಕಳು ಸ್ವಲ್ಪ ದೊಡ್ಡವರಾಗಲಿ ಎಂದು ಅವರು ಯೋಚಿಸಿದ್ದರು. ಮಕ್ಕಳ ಕಥೆಗಳಿಗೆ ಅದು ಸರಿಹೊಂದಿತು. ದೊಡ್ಡವರ ಕಥೆಗಳಿಗೆ ಹೊಂದಲಿಲ್ಲ, ರಾಜಧಾನಿಯಲ್ಲಿ ಅಷ್ಟು ದೊಡ್ಡ ಗಲಾಟೆ ನಡೆದಿರುವಾಗ ಐದು ವರ್ಷ ಯಾರೂ ಏನೂ ಮಾಡದೆ ಸುಮ್ನೆ ಕೂತಿದ್ದರು ಎಂದು ಹೇಳಲು ಆಗುತ್ತದೆಯೇ? ಸಾಕಷ್ಟು ಬರೆದ ಮೇಲೆ ಆ ಯೋಜನೆಯನ್ನೇ ಕೈಬಿಟ್ಟು ಮತ್ತೆ ಶುರುಮಾಡಿದರು. ಆ ನಡುವಿನ ಕಾಲವನ್ನು ತುಂಬಿಸುವ ಕಥೆ ಬೆಳೆದು ಬೆಳೆದು ಒಂದು ಪುಸ್ತಕದಲ್ಲಿ ಹಿಡಿಸದೆ ಎರಡಾಯಿತು. ನಾಲ್ಕನೆಯದರ ಕೊನೆಯಲ್ಲಿ, ಉಳಿದರ್ಧ ಮುಂದಿನ ವರ್ಷ ಬರಬಹುದು ಎಂದು ಆಸೆಯಿಂದ ಬರೆದರು. ಬರಲು ಆರು ವರ್ಷ ಆಯಿತು.

ಇದರಿಂದ ನಿಮಗೆ ಸಿಗುವ ಕೆಲಸಗಳು ಹೀಗಿವೆ. ಕಣ್ಣುಗಳ ಸಂಖ್ಯೆಗೆ ಮೊದಲೇ ಮಿತಿ ಹಾಕಿ, ನಾಲ್ಕೈದು ಸಾಕು. ಹೊಸಬರು ಒಬ್ಬರು ಬೇಕೇ ಬೇಕು ಎನಿಸಿದರೆ ಹಳಬರಲ್ಲಿ ಒಬ್ಬರ ಕಥೆ ಮುಗಿಯಲಿ, ಸಾಯಲೇಬೇಕು ಅಂತಿಲ್ಲ, ಊರು ಸೇರಿದರೂ ಆದೀತು. ಎಲ್ಲರೂ ಒಂದೇ ಜಾಗಕ್ಕೆ ಸೇರುವ ದೃಶ್ಯ ಇದೆ ಎಂದಾದರೆ ಅದನ್ನು ಮೊದಲು ಬರೆಯಿರಿ, ಅಲ್ಲಿಂದ ಹಿಂದಕ್ಕೆ ಪ್ರಯಾಣದ ದಿನಗಳನ್ನು ಎಣಿಸಿ, ಯಾರು ಯಾವಾಗ ಹೊರಡಬೇಕು ಎಂದು ತೀರ್ಮಾನಿಸಿ. ಮಕ್ಕಳನ್ನು ಮುಖ್ಯ ಪಾತ್ರ ಮಾಡುತ್ತಿದ್ದರೆ ಸರಣಿಯ ಕೊನೆಯಲ್ಲಿ ಅವರಿಗೆ ಎಷ್ಟು ವಯಸ್ಸು ಇರಬೇಕು ಎಂದು ಮೊದಲ ಪುಟಕ್ಕೆ ಮುಂಚೆಯೇ ಗೊತ್ತಿರಬೇಕು, ಇದೊಂದನ್ನು ಮಾತ್ರ ಆಮೇಲೆ ನೋಡಿಕೊಳ್ಳೋಣ ಅನ್ನಬೇಡಿ.

ನಕ್ಷೆ, ಕ್ಯಾಲೆಂಡರ್, ಕೋಷ್ಟಕ

ನಕ್ಷೆ ಬಿಡಿಸಿ, ಮೈಲಿಗಳನ್ನು ಹಾಕಿ, ಕುದುರೆ ದಿನಕ್ಕೆ ಎಷ್ಟು ದೂರ ಹೋಗುತ್ತದೆ ಎಂದು ಒಮ್ಮೆ ನಿರ್ಧರಿಸಿ, ಮತ್ತೆ ಅದನ್ನು ಮುಟ್ಟಬೇಡಿ. ಟೋಲ್ಕಿನ್ ಚಂದ್ರನ ಲೆಕ್ಕವನ್ನೂ ಬಿಡಲಿಲ್ಲ. ಒಂದೇ ರಾತ್ರಿ ಬೇರೆ ಬೇರೆ ಕಡೆ ಇರುವ ಪಾತ್ರಗಳಿಗೆ ಬೇರೆ ಬೇರೆ ಗಾತ್ರದ ಚಂದ್ರ ಕಾಣುವ ಹಾಗೆ ಬರೆದಿದ್ದೇನೆ ಎಂದು ಗೊತ್ತಾದಾಗ ಆ ಅಧ್ಯಾಯಗಳನ್ನು ತಿದ್ದಿ ಬರೆದರು. ನಿಮಗೆ ಅಷ್ಟು ಬೇಡ ಅನ್ನಿಸಬಹುದು, ಸರಿ, ಆದರೆ ತಾರೀಖುಗಳಾದರೂ ಇರಲಿ.

ಕೋಷ್ಟಕದ ವಿಷಯದಲ್ಲಿ ರೌಲಿಂಗ್ ಅವರದ್ದು ಒಳ್ಳೆಯ ಮಾದರಿ. ಹ್ಯಾರಿ ಪಾಟರ್ ಐದನೇ ಪುಸ್ತಕಕ್ಕೆ ಅವರು ಕೈಯಲ್ಲೇ ಗೆರೆ ಎಳೆದು ಬರೆದ ಒಂದು ಹಾಳೆ ಇದೆ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಅಡ್ಡ ಸಾಲು. ಉದ್ದಕ್ಕೆ ತಿಂಗಳು, ಅಧ್ಯಾಯದ ಹೆಸರು, ಮುಖ್ಯ ಕಥೆ, ಆಮೇಲೆ ಒಂದೊಂದು ಉಪಕಥೆಗೂ ಒಂದೊಂದು ಕಾಲಂ. ಇದರ ದೊಡ್ಡ ಲಾಭ, ಯಾವ ಉಪಕಥೆ ಎಷ್ಟು ಅಧ್ಯಾಯಗಳಿಂದ ಸದ್ದಿಲ್ಲದೆ ಬಿದ್ದಿದೆ ಎನ್ನುವುದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ನಾಲ್ಕನೇ ಪುಸ್ತಕ ಬರೆಯುವಾಗ ಅವರ ಕಥೆಯಲ್ಲಿ ಅರ್ಧ ದಾರಿಯಲ್ಲಿ ದೊಡ್ಡ ತೂತು ಸಿಕ್ಕಿತ್ತು, ಒಂದು ಪಾತ್ರವನ್ನೇ ತೆಗೆದುಹಾಕಿ ಮತ್ತೆ ಬರೆಯಬೇಕಾಯಿತು. ಅಷ್ಟಾದರೂ ಏಳೂ ಪುಸ್ತಕಗಳು 1997ರಿಂದ 2007ರೊಳಗೆ ಮುಗಿದವು. ಕಥೆ ಹೆಚ್ಚುಕಡಿಮೆ ಒಬ್ಬ ಹುಡುಗನ ಕಣ್ಣಿಂದಲೇ ನಡೆಯುತ್ತದೆ, ಒಂದು ಪುಸ್ತಕಕ್ಕೆ ಶಾಲೆಯ ಒಂದು ವರ್ಷ. ಆ ಚೌಕಟ್ಟೇ ಅರ್ಧ ಕೆಲಸ ಮಾಡಿಕೊಟ್ಟಿದೆ ಎಂದು ನನ್ನ ಅನಿಸಿಕೆ.

ಹೆಸರು, ಕಣ್ಣಿನ ಬಣ್ಣ, ಯಾವ ಕೈಯ ಬೆರಳು ಕತ್ತರಿಸಿದೆ, ಇಂಥವನ್ನೆಲ್ಲ ಹುಡುಕಲು ಸುಲಭವಾಗುವ ಒಂದು ಫೈಲಿನಲ್ಲಿ ಹಾಕುತ್ತಾ ಹೋಗಿ. ಬ್ರಾಂಡನ್ ಸ್ಯಾಂಡರ್ಸನ್ ತಮ್ಮ ಲೋಕಗಳಿಗೆ ಖಾಸಗಿ ವಿಕಿ ಇಟ್ಟುಕೊಂಡಿದ್ದಾರೆ, ಅದನ್ನು ನೋಡಿಕೊಳ್ಳಲೆಂದೇ ಕೆಲಸದವರಿದ್ದಾರೆ. ನಿಮಗೆ ಒಂದು ಸ್ಪ್ರೆಡ್‌ಶೀಟ್ ಸಾಕು.

ಅಂತ್ಯ ಗೊತ್ತಿರಬೇಕೇ?

ಬರೆಯುವವರಲ್ಲಿ ಎರಡು ಜಾತಿ ಎಂದು ಹೇಳುವುದುಂಟು. ಎಲ್ಲವನ್ನೂ ಮೊದಲೇ ಯೋಜಿಸಿ ಬರೆಯುವವರು, ಬರೆಯುತ್ತಾ ಬರೆಯುತ್ತಾ ಕಥೆಯನ್ನು ಕಂಡುಕೊಳ್ಳುವವರು. ಎರಡನೇ ಜಾತಿಯವರಿಗೆ ಯೋಜನೆ ಮಾಡಿ ಎಂದರೆ ಬರೆಯುವ ಆಸೆಯೇ ಸತ್ತುಹೋಗುತ್ತದೆ, ಅದು ನಿಜ. ಅವರಿಗೆ ನನ್ನ ಸಲಹೆ ಇಷ್ಟೇ: ಪೂರ್ತಿ ನಕ್ಷೆ ಬೇಡ, ಪ್ರತಿ ಭಾಗದ ಕೊನೆಯ ದೃಶ್ಯ ಮಾತ್ರ ಬರೆದಿಡಿ. ಐದು ಭಾಗಕ್ಕೆ ಐದು ದೃಶ್ಯ. ನಡುವೆ ಎಲ್ಲಿ ಬೇಕಾದರೂ ಅಲೆಯಿರಿ. ಅಲೆದಾಟದಲ್ಲಿ ಆ ದೃಶ್ಯಕ್ಕಿಂತ ಒಳ್ಳೆಯದು ಸಿಕ್ಕರೆ ಬದಲಿಸಿ, ಆದರೆ ಆಗ ಉಳಿದ ನಾಲ್ಕನ್ನೂ ಅದೇ ವಾರ ತೆಗೆದು ನೋಡಿ.

ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ಸರಣಿಯನ್ನೇ ಸಣ್ಣ ಸಣ್ಣ ತುಂಡು ಮಾಡುವುದು. ರಾಬಿನ್ ಹಾಬ್ ತಮ್ಮ ಒಂದೇ ಲೋಕದಲ್ಲಿ 1995ರಿಂದ 2017ರವರೆಗೆ 16 ಕಾದಂಬರಿ ಬರೆದರು. ಆದರೆ ಅವು ಬಹುತೇಕ ಮೂರು ಮೂರರ ಗುಂಪು, ಒಂದೊಂದು ಗುಂಪಿಗೂ ತನ್ನದೇ ಆದ ಮುಕ್ತಾಯ ಇದೆ. ನಡುವೆ ಎಲ್ಲಿ ನಿಲ್ಲಿಸಿದ್ದರೂ ಓದುಗರಿಗೆ ಅನ್ಯಾಯ ಆಗುತ್ತಿರಲಿಲ್ಲ.

ವೇಗವಾಗಿ ಮುಗಿಸಿದವರನ್ನು ನೋಡಿ ಹೊಟ್ಟೆಕಿಚ್ಚು ಪಡುವ ಮೊದಲು ಅವರು ಯಾವಾಗ ಶುರು ಮಾಡಿದರು ಎಂದೂ ನೋಡಿ. ಸ್ಟೀವನ್ ಎರಿಕ್ಸನ್ ಹತ್ತು ದಪ್ಪ ಪುಸ್ತಕಗಳ ಸರಣಿಯನ್ನು 1999ರಿಂದ 2011ರೊಳಗೆ ಮುಗಿಸಿದರು. ಆ ಲೋಕವನ್ನು ಗೆಳೆಯ ಎಸ್ಲೆಮಾಂಟ್ ಜೊತೆ ರೋಲ್ ಪ್ಲೇಯಿಂಗ್ ಆಟ (ಪಾತ್ರಗಳಾಗಿ ಕಥೆ ಕಟ್ಟುತ್ತಾ ಆಡುವ ಆಟ) ಆಡುತ್ತಾ ಕಟ್ಟಿದ್ದು 80ರ ದಶಕದಲ್ಲಿ. ಸ್ಯಾಂಡರ್ಸನ್ 2010ರಲ್ಲಿ ತಂದ ಸರಣಿಯ ಮೊದಲ ಪುಸ್ತಕವನ್ನು ಹಲವು ವರ್ಷ ಮೊದಲೇ ಒಮ್ಮೆ ಪೂರ್ತಿ ಬರೆದು ಪಕ್ಕಕ್ಕಿಟ್ಟಿದ್ದರು. ವರ್ಷಗಳು ಇವರಿಗೂ ಬೇಕಾದವು. ಯಾರೂ ಗಡಿಯಾರ ಹಿಡಿದು ಕಾಯುತ್ತಿಲ್ಲದ ಕಾಲದಲ್ಲಿ ಕಳೆದರು, ಅಷ್ಟೇ.

ಸಿಕ್ಕಿಹಾಕಿಕೊಂಡರೆ

ಸಿಕ್ಕಿಹಾಕಿಕೊಳ್ಳುತ್ತೀರಿ, ಅದರಲ್ಲಿ ಅನುಮಾನ ಇಲ್ಲ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುವಾಗ ಟೋಲ್ಕಿನ್ ತಮ್ಮ ಪ್ರಯಾಣಿಕರನ್ನು ಮೋರಿಯಾ ಗಣಿಯ ಸಮಾಧಿಯ ಮುಂದೆ ನಿಲ್ಲಿಸಿ ಹೆಚ್ಚುಕಡಿಮೆ ಒಂದು ವರ್ಷ ಮುಂದೆ ಹೋಗಲಿಲ್ಲ.

ನಿಂತುಹೋದ ಜಾಗವನ್ನೇ ಗುದ್ದುತ್ತಾ ಕೂರಬೇಡಿ. ತಪ್ಪು ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ, ಎರಡು ಮೂರು ಅಧ್ಯಾಯ ಹಿಂದೆ ಇರುತ್ತದೆ. ಯಾರೋ ಒಬ್ಬರು ತಮ್ಮ ಸ್ವಭಾವಕ್ಕೆ ಒಗ್ಗದ ನಿರ್ಧಾರ ತೆಗೆದುಕೊಂಡಿರುತ್ತಾರೆ, ಕಥೆಗೆ ಬೇಕು ಎಂದು ನೀವೇ ಅವರನ್ನು ತಳ್ಳಿರುತ್ತೀರಿ. ಅಲ್ಲಿಗೆ ಹೋಗಿ ಅವರನ್ನು ಬಿಟ್ಟುಬಿಡಿ, ಏನು ಮಾಡುತ್ತಾರೋ ನೋಡಿ. ಇದರಿಂದ ಐವತ್ತು ಪುಟ ಹೋಗಬಹುದು. ಹೋಗಲಿ, ಅಳಿಸಬೇಡಿ, ಬೇರೆ ಫೋಲ್ಡರಿಗೆ ಹಾಕಿ. ಹೊಸ ಕರಡನ್ನು ಹೊಸ ಫೈಲಿನಲ್ಲಿ, ತಾರೀಖಿನ ಜೊತೆ ಉಳಿಸಿ. ಇನ್ನು, ಬೇಜಾರು ಕಳೆಯಲಿ ಎಂದು ಅದೇ ಲೋಕದ ಇನ್ನೂರು ವರ್ಷ ಹಿಂದಿನ ಇತಿಹಾಸ ಬರೆಯಲು ಕೂರುವುದು ತುಂಬಾ ಆಕರ್ಷಕ. ಅದರಲ್ಲಿ ಯಾರ ಕಥೆಯನ್ನೂ ಮುಗಿಸಬೇಕಾಗಿಲ್ಲವಲ್ಲ! ಬೇಕಾದರೆ ಬರೆಯಿರಿ, ಆದರೆ ಅದನ್ನು ಸರಣಿಯ ಕೆಲಸ ಎಂದು ಎಣಿಸಬೇಡಿ.

ಮೈ ಮನಸ್ಸು ಸರಿಯಿಲ್ಲದೆ ನಿಂತರೆ ಅದು ಬೇರೆ ವಿಷಯ. ಅದಕ್ಕೆ ಕೋಷ್ಟಕದಲ್ಲಿ ಮದ್ದಿಲ್ಲ, ರಜೆ ತೆಗೆದುಕೊಳ್ಳಿ.

ಇದೇ ಸಂದರ್ಭದಲ್ಲಿ ಕಹಿಯಾದ ಒಂದು ಮಾತು. 'ವೀಲ್ ಆಫ್ ಟೈಮ್' ಶುರುಮಾಡಿದ ರಾಬರ್ಟ್ ಜೋರ್ಡನ್ ಸರಣಿ ಮುಗಿಯುವ ಮೊದಲೇ 2007ರಲ್ಲಿ ತೀರಿಕೊಂಡರು. ಕಾಯಿಲೆ ಎಂದು ಗೊತ್ತಾದ ಮೇಲೆ ಅವರು ಟಿಪ್ಪಣಿಗಳನ್ನು ಬರೆದರು, ಮುಂದಿನ ಕಥೆಯನ್ನು ಮನೆಯವರಿಗೆ ಹೇಳಿದರು, ಅಂತ್ಯದ ದೃಶ್ಯವನ್ನು ತಾವೇ ಬರೆದಿಟ್ಟರು. ಅವರ ಎಡಿಟರೂ ಹೆಂಡತಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಆ ಕೆಲಸವನ್ನು ಸ್ಯಾಂಡರ್ಸನ್ ಕೈಗೆ ಕೊಟ್ಟರು. ಉಳಿದದ್ದು ಒಂದು ಪುಸ್ತಕ ಎಂದುಕೊಂಡಿದ್ದದ್ದು ಮೂರಾಗಿ 2013ರಲ್ಲಿ ಮುಗಿಯಿತು. ನಿಮ್ಮ ಸಾಲದ ಪುಸ್ತಕ, ಕೋಷ್ಟಕ, ಐದು ದೃಶ್ಯಗಳು ಒಂದೇ ಕಡೆ ಇರಲಿ, ಎಲ್ಲಿವೆ ಎಂದು ಒಬ್ಬರಿಗಾದರೂ ಗೊತ್ತಿರಲಿ.

ತಾರೀಖು ಹೇಳುವುದು

ಹಸ್ತಪ್ರತಿ ಮುಗಿದ ದಿನ ಪುಸ್ತಕ ಮುಗಿದ ಹಾಗಲ್ಲ. ಎಡಿಟರ್ ಓದಬೇಕು, ನೀವು ತಿದ್ದಬೇಕು, ಕಾಪಿ ಎಡಿಟಿಂಗ್, ಪುಟವಿನ್ಯಾಸ, ಪ್ರೂಫ್, ಮುಖಪುಟ, ಅಚ್ಚು. ದೊಡ್ಡ ಪ್ರಕಾಶಕರಲ್ಲಿ ಇದಕ್ಕೆ ಒಂದು ವರ್ಷದ ಹತ್ತಿರ ಹೋಗುವುದು ಸಾಮಾನ್ಯ. ಟೋಲ್ಕಿನ್ 1949ರಲ್ಲಿ ಬರೆದು ಮುಗಿಸಿದ ಕಥೆ ಅಂಗಡಿಗೆ ಬರಲು ಶುರುವಾದದ್ದು 1954ರಲ್ಲಿ. ಪ್ರಕಾಶಕರ ಜೊತೆಗಿನ ಹಗ್ಗಜಗ್ಗಾಟ, ಯುದ್ಧದ ನಂತರ ಏರಿದ್ದ ಕಾಗದದ ಬೆಲೆ, ಎಲ್ಲ ಸೇರಿ ಅಷ್ಟು ತಡ.

ಆದ್ದರಿಂದ ಓದುಗರು ಕೇಳಿದಾಗ ತಿಂಗಳು ಹೇಳಬೇಡಿ, ಹಂತ ಹೇಳಿ. ಮೊದಲ ಕರಡು ಅರ್ಧ ಆಗಿದೆ, ಎರಡನೇ ಕರಡು ನಡೆಯುತ್ತಿದೆ, ಎಡಿಟರ್ ಹತ್ತಿರ ಇದೆ. ಸ್ಯಾಂಡರ್ಸನ್ ತಮ್ಮ ಪುಸ್ತಕಗಳು ಶೇಕಡಾ ಎಷ್ಟು ಆಗಿವೆ ಎಂದು ಬಹಿರಂಗವಾಗಿ ಹಾಕುತ್ತಾರೆ. ಆ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಶೇಕಡಾ 80ರಿಂದ 60ಕ್ಕೆ ಇಳಿಸುವ ದಿನ ಬಂದರೆ ಮುಖ ತೋರಿಸುವುದು ಕಷ್ಟ. ಹಂತ ಹೇಳಿದರೆ ಆ ತೊಂದರೆ ಕಡಿಮೆ. ತಾರೀಖನ್ನು ಪ್ರೂಫ್ ತಿದ್ದಿ ಕಳಿಸಿದ ಮೇಲೆ ಹೇಳಿ, ಅದೂ ಪ್ರಕಾಶಕರನ್ನು ಒಮ್ಮೆ ಕೇಳಿಕೊಂಡು.